ಮಾರ್ಸೇಲ್‌ನಲ್ಲಿ ನನ್ನ ಗಂಡನಿಗೆ ಧ್ವನಿ ಬಂದದ್ದು

ಹೈದರಾಬಾದು, ವಿಮಾನ ನಿಲ್ದಾಣ

ನನ್ನ ಗಂಡನ ಮೊಣಕಾಲು ಹೈದರಾಬಾದಿನ ವಿಮಾನ ನಿಲ್ದಾಣದಲ್ಲಿ ಕೂಗಿಕೊಂಡಿತು. ಮೊಣಕಾಲಲ್ಲ, ಅದಕ್ಕೆ ಕಟ್ಟಿದ್ದ ಪಟ್ಟಿ. ಎರಡೂ ಬದಿಗೆ ಸ್ಟೀಲಿನ ಕಡ್ಡಿ ಇರುವ ಆ ಪಟ್ಟಿಯನ್ನು ಕಲಬುರಗಿಯ ಡಾಕ್ಟರು ಬರೆದುಕೊಟ್ಟಿದ್ದರು. ತಪಾಸಣೆಯ ಚೌಕಟ್ಟಿನೊಳಗೆ ಅವನು ಕಾಲಿಟ್ಟನೋ ಇಲ್ಲವೋ, ಕೆಂಪು ದೀಪ ಹತ್ತಿ ಪೀಂ ಎಂದಿತು. ಹಿಂದೆ ನಿಂತವರೆಲ್ಲ ನಮ್ಮನ್ನೇ ನೋಡಿದರು. ಏನದು ಎಂದು ಕೇಳಿದ ಕಾವಲಿನವನಿಗೆ ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಆದರೆ ಭೀಮರಾಯ ಮಾತಿನ ಮನುಷ್ಯ ಅಲ್ಲ. ಕೈಯಲ್ಲೇ ನಾಲ್ಕು ಹೆಜ್ಜೆ ಕುಣಿದು ತೋರಿಸಿದ, ಹಾರಿದಂತೆ ತೋಳು ಎತ್ತಿದ, ಬಿದ್ದಂತೆ ಮುಖ ಮಾಡಿದ, ಕೊನೆಗೆ ಮೊಣಕಾಲು ತೋರಿಸಿ ಎರಡೂ ಕೈ ಚೆಲ್ಲಿದ. ಕಾವಲಿನವನಿಗೆ ನಗು ಬಂತು. ಪಟ್ಟಿ ಬಿಚ್ಚಿಸಿ ನೋಡಿ, ಡ್ಯಾನ್ಸರಾ ಎಂದು ಹಿಂದಿಯಲ್ಲಿ ಕೇಳಿದ. "ಇದ್ದೆ" ಎಂದ ನನ್ನ ಗಂಡ.

ಆ ಒಂದು ಮಾತಿಗೆ ನನಗೆ ಎಲ್ಲಿಲ್ಲದ ಸಿಟ್ಟು ಬಂತು. ವಿಮಾನ ಹತ್ತುವವರೆಗೂ ಅವನ ಜೊತೆ ಮಾತಾಡಲಿಲ್ಲ.

ಗಂಡನನ್ನು "ಅವನು" ಎಂದು ಬರೆಯುತ್ತಿರುವುದಕ್ಕೆ ರಂಗಂಪೇಟೆಯ ನಮ್ಮ ಅತ್ತೆಯವರು ಬೇಸರ ಮಾಡಿಕೊಳ್ಳಬಾರದು. ಗಂಡ ಹೆಂಡತಿ ಆಗುವ ಮೊದಲು ನಾವು ಆರು ವರ್ಷ ಒಂದೇ ಸ್ಟೇಜಿನ ಮೇಲೆ ಕುಣಿದವರು. ಕುಣಿಯುವಾಗ ಯಾರೂ ಯಾರಿಗೂ "ರೀ" ಹಚ್ಚುವುದಿಲ್ಲ. ಕಾಲು ತುಳಿದರೆ "ಏ ಭೀಮ್ಯಾ" ಎಂದೇ ಬಾಯಿಗೆ ಬರುತ್ತದೆ. ಹಿರಿಯರ ಎದುರು "ಏನ್ರಿ" ಎನ್ನುವುದನ್ನು ಮದುವೆಯಾದ ಮೇಲೆ ಕಲಿತೆ. ನಾವು ಹೊರಟಿದ್ದ ಫ್ರಾನ್ಸಿನಲ್ಲಿ ಹಿರಿಯರು ಯಾರೂ ಇರಲಿಲ್ಲ.

ಹದಿನೆಂಟು ವರ್ಷ ಕುಣಿತವೇ ನಮ್ಮ ಕಸುಬು. ಯಾದಗಿರಿ, ಸೇಡಂ, ದೇವದುರ್ಗ, ಲಿಂಗಸುಗೂರು, ಎಲ್ಲಿ ಆರ್ಕೆಸ್ಟ್ರಾ ಕರೆಸಿದರೂ ಅದರ ಹಿಂದೆ ನಾವು. ಮದುವೆ, ಗಣಪತಿ, ಕಾಲೇಜಿನ ಗ್ಯಾದರಿಂಗ್, ಯಾವುದನ್ನೂ ಬಿಟ್ಟವರಲ್ಲ. ಉಳಿದ ದಿನ ಶಹಾಪುರದಲ್ಲಿ ಹತ್ತಿ ದಲಾಲಿ ಮಾಡುವ ಒಂದು ಅಡತಿ ಅಂಗಡಿಯ ಮಾಳಿಗೆಯ ಮೇಲೆ ನಮ್ಮ ಡ್ಯಾನ್ಸ್ ಕ್ಲಾಸು. ಕೆಳಗೆ ಕೂತ ಅಡತ್ಯಾರು ತಲೆಯ ಮೇಲೆ ಸುಣ್ಣ ಉದುರುತ್ತದೆ ಎಂದು ವಾರಕ್ಕೊಮ್ಮೆ ಬೈದು, ತಮ್ಮ ಮಗಳನ್ನೂ ನಮ್ಮಲ್ಲಿಗೇ ಕಳಿಸುತ್ತಾರೆ. ಎರಡು ವರ್ಷದ ಹಿಂದೆ ಒಂದು ಸ್ಟೇಜಿನ ಎರಡು ಹಲಗೆಗಳ ಸಂದಿನಲ್ಲಿ ಭೀಮರಾಯನ ಕಾಲು ಸಿಕ್ಕಿಕೊಂಡಿತು. ನಡೆಯಬಹುದು, ಮೆಟ್ಟಿಲು ಹುಷಾರಾಗಿ ಹತ್ತಬಹುದು, ಹಾರುವ ಮಾತು ಮಾತ್ರ ಬೇಡ ಎಂದರು ಡಾಕ್ಟರು.

ಹಾಸಿಗೆಯಲ್ಲಿ ಬಿದ್ದಿದ್ದ ನಾಲ್ಕು ತಿಂಗಳಲ್ಲಿ ಅವನು ಹಾಡು ಬರೆಯತೊಡಗಿದ. ಕ್ಲಾಸಿನ ಹುಡುಗಿಯರು ಮೊಬೈಲಿನಲ್ಲಿ ಕೇಳುವ ಹಿಪ್‌ಹಾಪ್ ಹಾಡಿನಂಥದ್ದೇ, ಆದರೆ ಸುರಪುರದ ಮಾತಿನಲ್ಲಿ. ಹದಿನೆಂಟು ವರ್ಷ ಬೀಟಿನ ಮೇಲೆ ಕಾಲಿಟ್ಟವನಿಗೆ ಬೀಟಿನ ಮೇಲೆ ಮಾತಿಡುವುದು ಕಷ್ಟವಾಗಲಿಲ್ಲ. ರೆಕಾರ್ಡ್ ಮಾಡಿದ್ದು ನಮ್ಮ ಅಲಮಾರಿಯಲ್ಲಿ. ಬೀದಿಯ ಲಾರಿ ಹಾರ್ನು ಕೇಳಬಾರದೆಂದು, ನೇತುಹಾಕಿದ ಸ್ಟೇಜಿನ ಬಟ್ಟೆಗಳ ನಡುವೆ ತಲೆ ತೂರಿಸಿ, ಬೆನ್ನ ಮೇಲೆ ಕೌದಿ ಹೊದ್ದುಕೊಂಡು ಹಾಡಿದ. ಆಮೇಲೆ ತಿಂಥಣಿಗೆ ಹೋಗಿ ಕೃಷ್ಣೆಯ ದಂಡೆಯ ಬಂಡೆಗಳ ಮೇಲೆ ಆ ಹಾಡು ಹಚ್ಚಿ ವಿಡಿಯೊ ತೆಗೆದೆವು. ಅವನು ಬಂಡೆಯ ಮೇಲೆ ಕೂತು ಹಾಡಿದಂತೆ, ನಾನು ಸುತ್ತ ಕುಣಿದಂತೆ. ಅದನ್ನು ಎಲ್ಲಿಯೋ ದೂರದ ಫ್ರಾನ್ಸಿನ ಮಾರ್ಸೇಲ್ ಎಂಬ ಊರಿನಲ್ಲಿ ನಾದಿಯಾ ಎಂಬ ಹೆಂಗಸು ನೋಡಿದಳು. ಕುಣಿತದ ಕಸುಬಿನಿಂದ ಹಾಡಿಗೆ ಬಂದವರನ್ನೆಲ್ಲ ಒಂದು ವಾರ ಕೂಡಿಸಿ, ಕೊನೆಗೆ ಶುಕ್ರವಾರ ಜನರ ಮುಂದೆ ಹಾಡಿಸುತ್ತೇವೆ, ನೀವೂ ಬನ್ನಿ ಎಂದು ಕರೆದಳು.

ಹೊರಡುವ ಮುಂಚೆ ಭೀಮರಾಯ ತನ್ನ ಅಣ್ಣನಿಗೆ ಒಂದು ಮಾತು ಕೊಟ್ಟಿದ್ದ. ಭಾವನವರಿಗೆ ಸುರಪುರದಲ್ಲಿ ಗೊಬ್ಬರದ ಅಂಗಡಿ ಇದೆ. ತಮ್ಮ ಕುಂಟುವುದನ್ನು ನೋಡಲಾಗದೆ, ನನ್ನ ಜೊತೆ ಅಂಗಡಿಯಲ್ಲಿ ಕೂಡು ಎಂದು ಎರಡು ವರ್ಷದಿಂದ ಕರೆಯುತ್ತಿದ್ದರು. "ಇದೊಂದು ಸಲ ಹೋಗಿ ಬರ್ತೀನಿ ಅಣ್ಣಾ. ಮಂದಿ ಮುಂದ ನಿಂತು ಹಾಡಾಕ ಆಗ್ಲಿಲ್ಲಂದ್ರ ಬಂದು ನಿನ್ನ ಅಂಗಡ್ಯಾಗ ಕುಂದರ್ತೀನಿ. ಮತ್ತ ಸ್ಟೇಜಿನ ಹೆಸರು ತಗಿಯಂಗಿಲ್ಲ" ಎಂದಿದ್ದ. ಹಿಂದೆ ಸರಿಯುವ ಪೈಕಿ ಅಲ್ಲ ಅವನು. ಆ ಮಾತನ್ನು ಬಟ್ಟೆಬರೆಯ ಜೊತೆ ಕಟ್ಟಿಕೊಂಡೇ ನಾವು ವಿಮಾನ ಹತ್ತಿದೆವು.

ಮಾರ್ಸೇಲ್, ನಾಲ್ಕನೆಯ ಮಹಡಿ

ಮಾರ್ಸೇಲ್ ಸಮುದ್ರದ ದಂಡೆಯ ಊರು, ಆದರೆ ಸಪಾಟು ನೆಲ ಅಲ್ಲಿ ಸಿಗುವುದು ಕಡಿಮೆ. ಎಲ್ಲ ಓಣಿಗಳೂ ಒಂದೋ ಏರುತ್ತವೆ, ಇಲ್ಲವೇ ಇಳಿಯುತ್ತವೆ. ನಮಗೆ ಕೊಟ್ಟ ಮನೆ ನಾಲ್ಕನೆಯ ಮಹಡಿಯಲ್ಲಿತ್ತು. ಲಿಫ್ಟ್ ಇರಲಿಲ್ಲ. ಹತ್ತುವುದು ಹೇಗೋ ಆಗುತ್ತಿತ್ತು, ಇಳಿಯುವಾಗ ಭೀಮರಾಯನ ಮೊಣಕಾಲು ನಡುಗುತ್ತಿತ್ತು. ಹಾಗಾಗಿ ಅವನು ಕಂಬಿ ಹಿಡಿದು ಹಿಮ್ಮುಖವಾಗಿ ಇಳಿಯುತ್ತಿದ್ದ. ಎರಡನೆಯ ಮಹಡಿಯ ಒಬ್ಬ ಅಜ್ಜಿ ಮೊದಲ ದಿನ ಇದನ್ನು ಕಂಡು ಹೌಹಾರಿದಳು. ಎರಡನೆಯ ದಿನ ಬಾಗಿಲು ತೆರೆದು ಅವನ ಬೆನ್ನಿಗೆ ನಮಸ್ಕಾರ ಹೇಳಿದಳು. ಮೂರನೆಯ ದಿನ ತಾನೂ ಹಿಮ್ಮುಖವಾಗಿ ನಾಲ್ಕು ಮೆಟ್ಟಿಲು ಇಳಿದು ನೋಡಿ, ಇದು ಬಹಳ ಆರಾಮು ಎಂದು ಕೈಸನ್ನೆಯಲ್ಲೇ ಹೇಳಿದಳು. ಅವಳಿಗೂ ಮೊಣಕಾಲು ನೋವಂತೆ.

ಅಲ್ಲಿಯವರು ಭೇಟಿಯಾದಾಗ ಕೆನ್ನೆಗೆ ಕೆನ್ನೆ ತಾಗಿಸಿ ಮುತ್ತು ಕೊಟ್ಟಂತೆ ಸಪ್ಪಳ ಮಾಡುತ್ತಾರೆ. ಗಂಡು ಹೆಣ್ಣು ಎಂಬ ಭೇದವಿಲ್ಲ. ಯಾವ ಕೆನ್ನೆ ಮೊದಲು ಎಂಬುದು ಅವರಿಗೆ ಹುಟ್ಟಿನಿಂದ ಗೊತ್ತು. ನಾದಿಯಾ ನಮ್ಮನ್ನು ಕರೆದೊಯ್ಯಲು ಬಂದವಳು ನನಗೆ ಹಾಗೆ ಮಾಡಿ, ಭೀಮರಾಯನತ್ತ ತಿರುಗಿದಳು. ಅವನು ತಪ್ಪು ಕಡೆ ಮುಖ ತಿರುಗಿಸಿದ. ಇಬ್ಬರ ಮೂಗೂ ಡಿಕ್ಕಿ ಹೊಡೆದವು. ಅಂದಿನಿಂದ ಯಾರೇ ಎದುರಾದರೂ ನನ್ನ ಗಂಡ ಎರಡು ಮಾರು ದೂರದಿಂದಲೇ ಕೈ ಮುಗಿದು ನಿಲ್ಲುತ್ತಿದ್ದ. ಭಾರತದಲ್ಲಿ ಇದು ಬಹಳ ದೊಡ್ಡ ಗೌರವವೆಂದು ತಿಳಿದು ಅವರೂ ದೂರದಿಂದಲೇ ಬಗ್ಗಿ ಬಗ್ಗಿ ಕೈ ಮುಗಿಯುತ್ತಿದ್ದರು. ನಾನು ನಡುವೆ ನಿಂತು ನಗು ತಡೆದುಕೊಳ್ಳುತ್ತಿದ್ದೆ.

ಬೇರೆ ದೇಶಕ್ಕೆ ಬಂದೆವು ಎಂದು ಅನ್ನಿಸಿದ್ದು ಬರೀ ಮೊದಲ ದಿನ. ಓಣಿಯ ಈ ಕಿಟಕಿಯಿಂದ ಆ ಕಿಟಕಿಗೆ ಜೋರಾಗಿ ಮಾತಾಡುವ ಹೆಂಗಸರು, ಕಿಟಕಿಯ ಹೊರಗೆ ಹಗ್ಗಕ್ಕೆ ಹಾಕಿದ ಒಗೆದ ಬಟ್ಟೆ, ಜಗಳವೋ ಪ್ರೀತಿಯೋ ತಿಳಿಯದ ಗಂಡಸರ ಮಾತು. ಶಹಾಪುರದ ಬಜಾರಿನಲ್ಲೂ ಹೀಗೇ. ಪ್ಯಾರಿಸಿನವರು ಮಾರ್ಸೇಲಿನವರ ಮಾತು ಕೇಳಿ ನಗುತ್ತಾರೆ, ಒರಟು ಮಂದಿ ಎನ್ನುತ್ತಾರೆ ಎಂದು ನಾದಿಯಾ ಹೇಳಿದಾಗ ಭೀಮರಾಯ ಮೊದಲ ಸಲ ಮನಸ್ಸು ಬಿಚ್ಚಿ ನಕ್ಕ. ಬೆಂಗಳೂರಿಗೆ ಪ್ರೋಗ್ರಾಮಿಗೆ ಹೋದಾಗಲೆಲ್ಲ ನಮ್ಮ ಮಾತಿಗೂ ಜನ ನಕ್ಕಿದ್ದುಂಟು. "ಇಲ್ಲೂ ಒಂದು ಯಾದಗಿರಿ ಅದ ಹಂಗಾರ" ಎಂದ. ಕಡಲೆ ಹಿಟ್ಟನ್ನು ಬೇಯಿಸಿ, ಗಟ್ಟಿಯಾದ ಮೇಲೆ ಕತ್ತರಿಸಿ ಎಣ್ಣೆಯಲ್ಲಿ ಕರಿದು ಕಾಗದದ ಪೊಟ್ಟಣದಲ್ಲಿ ಕೊಡುವ ತಿಂಡಿ ಆ ಊರಿನದು. ಅದನ್ನು ತಿಂದ ಮೇಲಂತೂ ಅವನಿಗೆ ಊರು ಪೂರ್ತಿ ಹಿಡಿಸಿತು. ಒಂದು ಹಸಿಮೆಣಸಿನಕಾಯಿ ಇದ್ದಿದ್ದರೆ ಎಂದು ಮಾತ್ರ ಹಲುಬುತ್ತಿದ್ದ.

ನಾದಿಯಾಳ ಅಪ್ಪ ಅಮ್ಮ ಆಲ್ಜೀರಿಯಾದಿಂದ ಬಂದವರು. ಇಪ್ಪತ್ತು ವರ್ಷ ಕುಣಿದು ಸೊಂಟ ಕೆಟ್ಟ ಮೇಲೆ ಅವಳು ಹಾಡಿಗೆ ಇಳಿದಿದ್ದಳು. ಅವಳ ಇಂಗ್ಲಿಷ್ ಅರ್ಧ, ನನ್ನದು ಅರ್ಧ. ಎರಡೂ ಸೇರಿ ಒಂದು ಇಂಗ್ಲಿಷ್ ಆಗುತ್ತಿತ್ತು.

ಹಳೇ ಕಾರ್ಖಾನೆ

ತಾಲೀಮು ನಡೆಯುತ್ತಿದ್ದುದು ಒಂದು ಹಳೇ ಕಾರ್ಖಾನೆಯ ಕಟ್ಟಡದಲ್ಲಿ. ಬೇರೆ ಬೇರೆ ದೇಶದ ಏಳು ಜೋಡಿಗಳು. ಎಲ್ಲರೂ ಕುಣಿದು ಸವೆದವರು. ಒಬ್ಬರಿಗೆ ಬೆನ್ನು, ಒಬ್ಬರಿಗೆ ಹಿಮ್ಮಡಿ. ಬೆಳಗ್ಗೆ ಎಲ್ಲರೂ ನೋವಿನ ಎಣ್ಣೆಯ ಬಾಟಲಿ ತೆರೆದರೆ ಸಭಾಂಗಣ ನಮ್ಮ ಸರಕಾರಿ ಆಸ್ಪತ್ರೆಯ ವರಾಂಡದಂತೆ ಘಮ್ಮೆನ್ನುತ್ತಿತ್ತು. ಅದರಿಂದ ನನಗೆ ಧೈರ್ಯ ಬಂತು.

ನಮ್ಮ ಸರದಿ ಬಂದಾಗ ಭೀಮರಾಯ ಮೈಕು ಹಿಡಿದು ಸ್ಟೇಜಿನ ನಡುವೆ ನಿಂತ. ಹಾಡು ಹಚ್ಚಿದರು. ಅವನು ಹಾಡಿದ, ನಾನು ಕುಣಿದೆ.

ಮೊಣಕಾಲು ಕೇಳ್ತದ, ಸಾಕೇನೋ ರಾಯಾ?
ಎದಿ ಹೇಳ್ತದ, ಇನ್ನಾ ಕುಣಿ ಭೀಮರಾಯಾ.

ಅರ್ಥ ತಿಳಿಯದಿದ್ದರೂ ಎಲ್ಲರೂ ಚಪ್ಪಾಳೆ ತಟ್ಟಿದರು. ನನಗೆ ಕಣ್ಣಲ್ಲಿ ನೀರು ಬಂತು. ಗೆದ್ದೆವು ಎಂದುಕೊಂಡೆ.

ಆಗ ಧ್ವನಿಯ ಪೆಟ್ಟಿಗೆಗಳ ಹಿಂದೆ ಕೂತಿದ್ದ ಲುಕ್ ಎಂಬವನು ಎದ್ದು ಬಂದ. ತೆಳ್ಳಗೆ, ಬೋಳುತಲೆ, ಮೆತ್ತಗಿನ ದನಿಯ ಮನುಷ್ಯ. ಮೈಕಿನಲ್ಲಿ ಏನೂ ಬರಲಿಲ್ಲ ಎಂದ. ಮೈಕು ಕೆಟ್ಟಿರಬೇಕು ಎಂದೆ ನಾನು. ಇಲ್ಲ, ಮೈಕು ಚೆನ್ನಾಗಿದೆ ಎಂದು ನನ್ನ ಗಂಡನ ಕಿವಿಗೆ ಹೆಡ್‌ಫೋನ್ ಹಾಕಿದ. ಮೈಕಿಗೆ ಬಿದ್ದಷ್ಟನ್ನೇ ಬೇರೆಯಾಗಿ ರೆಕಾರ್ಡ್ ಮಾಡಿಟ್ಟಿದ್ದನಂತೆ. ಭೀಮರಾಯ ಕೇಳಿದ. ಅವನ ಮುಖ ಸಣ್ಣಗಾಯಿತು. ಹೆಡ್‌ಫೋನನ್ನು ನನಗೆ ಕೊಟ್ಟ. ನಾನೂ ಕೇಳಿದೆ. ಅದರಲ್ಲಿ ಅವನ ಉಸಿರು ಇತ್ತು. ಹಲಗೆಯ ಮೇಲೆ ನನ್ನ ಕಾಲಿನ ಸಪ್ಪಳ ಇತ್ತು. ನನ್ನ ಬಳೆಯ ಸಪ್ಪಳವೂ ಇತ್ತು. ಒಂದೇ ಒಂದು ಮಾತು ಇರಲಿಲ್ಲ.

ಊರಿಂದ ತಂದ ಹಾಡಿನಲ್ಲಿ ಅಲಮಾರಿಯೊಳಗೆ ಹಾಡಿದ ಅವನ ಧ್ವನಿ ಮೊದಲೇ ಇತ್ತಲ್ಲ, ಅದೇ ಸ್ಪೀಕರಿನಲ್ಲಿ ಬಂದಿತ್ತು. ನನ್ನ ಗಂಡ ತನ್ನ ಹಾಡಿಗೆ ತಾನೇ ತುಟಿ ಆಡಿಸಿದ್ದ.

"ನಾ ಹಾಡೀನಿ ರೇಣಾ. ಆಣಿ ಮಾಡಿ ಹೇಳ್ತೀನಿ, ಹಾಡೀನಿ" ಎಂದ. ಅವನು ಸುಳ್ಳು ಹೇಳುತ್ತಿರಲಿಲ್ಲ. ಹಾಡಿದೆ ಎಂದೇ ಅವನು ತಿಳಿದಿದ್ದ.

ಇದನ್ನು ನಾದಿಯಾಳಿಗೆ ತಿಳಿಸಿ ಹೇಳಲು ನನಗೆ ಅರ್ಧ ತಾಸು ಹಿಡಿಯಿತು. ಯಾದಗಿರಿಯಲ್ಲಿ ನಮಗೆ ಕುಣಿತ ಕಲಿಸಿದ ಖಾಜಾ ಮಾಸ್ತರರ ಕಟ್ಟುನಿಟ್ಟಿನ ಪಾಠ ಒಂದಿತ್ತು. ಸಿನಿಮಾ ಹಾಡಿಗೆ ಕುಣಿಯುವವನು ಹಾಡುವ ಹೀರೊನಂತೆ ಕಾಣಬೇಕು, ಆದರೆ ನಿಜವಾಗಿ ಹಾಡಿದರೆ ಉಸಿರು ಖರ್ಚಾಗಿ ಎರಡನೆಯ ಚರಣಕ್ಕೆ ಕಾಲು ಏಳುವುದಿಲ್ಲ. "ಹೋಂಟ್ ಹಿಲ್ನಾ, ಗಲಾ ಸೋನಾ" ಎನ್ನುತ್ತಿದ್ದರು. ತುಟಿ ಆಡಬೇಕು, ಗಂಟಲು ಮಲಗಬೇಕು. ತಾಲೀಮಿನಲ್ಲಿ ಒಬ್ಬೊಬ್ಬರ ಗಂಟಲಿಗೂ ಅಂಗೈ ಇಟ್ಟು ನೋಡುತ್ತಿದ್ದರು. ಗಂಟಲು ಅದುರಿದರೆ ಬೆನ್ನಿಗೆ ಗುದ್ದು. ಭೀಮರಾಯ ಅವರ ಮುದ್ದಿನ ಶಿಷ್ಯ. ಅವನ ಗಂಟಲು ಒಂದು ಸಲವೂ ಅದುರಿದ್ದಿಲ್ಲ. ನಾಲ್ಕು ಜನರ ಕಣ್ಣು ಮೇಲೆ ಬಿದ್ದೊಡನೆ ಅದು ತಾನಾಗಿಯೇ ಮುಚ್ಚಿಕೊಳ್ಳುತ್ತದೆ. ಅಲಮಾರಿಯಲ್ಲಿ ಯಾರೂ ನೋಡುತ್ತಿರಲಿಲ್ಲ, ಅದಕ್ಕೇ ಹಾಡಿದ್ದ. ತಿಂಥಣಿಯ ಬಂಡೆಯ ಮೇಲೂ ತುಟಿ ಆಡಿಸಿದ್ದನೇ ಹೊರತು ಹಾಡಿರಲಿಲ್ಲ, ಆದರೆ ವಿಡಿಯೊ ತೆಗೆಯುವುದೇ ಹಾಗಾದ್ದರಿಂದ ನಮಗ್ಯಾರಿಗೂ ಹೊಳೆಯಲಿಲ್ಲ.

ಲುಕ್ ಧ್ವನಿ ತೆಗೆದು ಬರೀ ಬೀಟ್ ಹಚ್ಚಿದ. ಭೀಮರಾಯ ಮತ್ತೆ ಹಾಡಿದ. ತುಟಿ ಆಡಿತು, ಕಣ್ಣು ಮಿನುಗಿತು, ಕೈ ಬೀಸಿತು. ಸಭಾಂಗಣದಲ್ಲಿ ಬೀಟ್ ಒಂದೇ ಕೇಳುತ್ತಿತ್ತು. ಯಾರೂ ನಗಲಿಲ್ಲ. ನಕ್ಕಿದ್ದರೇ ಚೆನ್ನಾಗಿತ್ತು.

ಇಲ್ಲಿಯ ನಿಯಮ ಒಂದೇ, ಧ್ವನಿ ಅಲ್ಲೇ ಹುಟ್ಟಬೇಕು ಎಂದಳು ನಾದಿಯಾ. ಆಮೇಲೆ ನಮ್ಮ ಮುಖ ನೋಡಿ ಮೆತ್ತಗಾದಳು. ಬೇಕಿದ್ದರೆ ನಿಮಗಾಗಿ ನಿಯಮ ಬಿಡುತ್ತೇನೆ, ರೆಕಾರ್ಡ್ ಹಾಡು ಹಚ್ಚೋಣ, ನೀನೊಬ್ಬಳೇ ಕುಣಿ, ಅವನು ಕುರ್ಚಿಯಲ್ಲಿ ಕೂರಲಿ ಎಂದಳು. ಒಳ್ಳೆಯ ಮನಸ್ಸಿನಿಂದಲೇ ಹೇಳಿದಳು.

"ಹಂಗ ಮಾಡ್ರಿ" ಎಂದುಬಿಟ್ಟ ಭೀಮರಾಯ.

ಸಮುದ್ರದ ಕಟ್ಟೆ

ಆ ಸಂಜೆ ಬಂದರಿನ ಕಟ್ಟೆಯ ಮೇಲೆ ಕೂತೆವು. ಆ ಊರಿಗೆ ಬೀಸುವ ಒಂದು ಗಾಳಿ ಇದೆ. ಬಿಟ್ಟೂಬಿಡದೆ ಮೂರು ದಿನ ಬೀಸುತ್ತದಂತೆ. ನಮ್ಮ ಬ್ಯಾಸಗಿಯ ಗಾಳಿ ಸುಡುತ್ತದೆ, ಇದು ಕೊರೆಯುತ್ತದೆ. ಕಿವಿಗೆ ಸೆರಗು ಸುತ್ತಿಕೊಂಡು ಕೂತೆ. ಎದುರಿಗೆ ಒಬ್ಬ ಮುದುಕ ಗಾಳ ಹಾಕಿ ಕೂತಿದ್ದ. ಅವನ ಕಂಕುಳಲ್ಲಿ ಕಾಗದವನ್ನೂ ಸುತ್ತದ ಒಂದು ಉದ್ದನೆಯ ಬ್ರೆಡ್ಡು. ಆಗಾಗ ಅದರ ತುದಿ ಮುರಿದು ಬಾಯಿಗೆ ಹಾಕಿಕೊಳ್ಳುತ್ತಿದ್ದ. ಮೀನು ಸಿಕ್ಕಿದ್ದನ್ನು ನಾನಂತೂ ಕಾಣಲಿಲ್ಲ.

ಭಾವನವರ ಫೋನು ಬಂತು. "ಏನಾತೋ ತಮ್ಮಾ? ಚೊಲೋ ನಡದದಿಲ್ಲೋ? ಊಟಕ್ಕ ಏನ್ ಕೊಡ್ತಾರ?" ಎಂದು ಕೇಳಿದರು. ಭೀಮರಾಯ ಎಲ್ಲಕ್ಕೂ ಹೂಂ ಎಂದ. ಕೊನೆಗೆ, "ಅಣ್ಣಾ, ನಾ ಬಂದ ಕೂಡಲೇ ಅಂಗಡಿಗಿ ಬರ್ತೀನಿ" ಎಂದ. ಆ ಕಡೆ ಭಾವನವರಿಗೆ ಖುಷಿಯಾಯಿತು. ಒಳ್ಳೆಯವರು ಅವರು. ಅವರ ಮೇಲೆ ಸಿಟ್ಟು ಮಾಡಿಕೊಳ್ಳಲು ಆಗದಿರುವುದೇ ನನ್ನ ತೊಂದರೆ.

ಫೋನು ಇಟ್ಟ ಮೇಲೆ ನನ್ನ ಬಾಯಿ ಸುಮ್ಮನಿರಲಿಲ್ಲ. "ಇನ್ನಾ ಮೂರು ದಿನ ಅದಾವ. ಈಗೇ ಯಾಕ ಸೋತೀ?"

"ಗಂಟಲ ಇಲ್ಲಂದ್ರ ಏನ್ ಮಾಡ್ಲಿ? ಕಾಲೂ ಹೋತು, ಇದೂ ಬರಂಗಿಲ್ಲ. ಯೂರಿಯಾ ಚೀಲ ಮಾರಾಕ ಎರಡೂ ಬೇಕಾಗಂಗಿಲ್ಲ."

"ನಾ ಏನ್ ಮಾಡ್ಲಿ?"

"ನೀ ಕುಣಿ. ನಿನ್ನ ಕಾಲು ಗಟ್ಟಿ ಅದಾವ."

ಆಗ ನಾನು ಅತ್ತೆ. ಅಳುತ್ತಲೇ ಹೇಳಿದೆ, "ನನಗ ಒಬ್ಬಾಕಿಗೇ ಕುಣಿಯಾಕ ಬರಂಗಿಲ್ಲೋ ಭೀಮ್ಯಾ. ಹದಿನೆಂಟು ವರ್ಷದಾಗ ಒಂದು ದಿನನೂ ಒಬ್ಬಾಕಿ ಕುಣಿದಿಲ್ಲ. ಬಾಜೂಕ ನೀ ಇದ್ದಿ ಅಂತ ಕುಣಿದೀನಿ. ನೀ ಅಂಗಡ್ಯಾಗ ಕುಂತ್ರ ನಂದೂ ಮುಗೀತು."

ಇದನ್ನು ನಾನು ಅವನಿಗೆ ಎಂದೂ ಹೇಳಿರಲಿಲ್ಲ. ಹೇಳುವವರೆಗೆ ನನಗೂ ಪೂರ್ತಿ ಗೊತ್ತಿರಲಿಲ್ಲ. ಅವನು ತನ್ನ ಸ್ವೆಟರಿನ ತೋಳಿನಿಂದ ನನ್ನ ಮೂಗು ಒರೆಸಿ, "ಏಳು, ಥಂಡಿ ಆಗ್ತದ" ಎಂದ. ಅಲ್ಲಿಂದ ಮನೆಯವರೆಗೆ ಏರು. ಅವನು ನನ್ನ ಭುಜ ಹಿಡಿದು ಹತ್ತಿದ.

ಅಡುಗೆಮನೆ, ಬುಧವಾರ

ಮರುದಿನ ಬೆಳಗ್ಗೆ ಚಹಾ ಕುದಿಯುತ್ತಿತ್ತು. ಭೀಮರಾಯ ಪುಟ್ಟ ಮೇಜಿನ ಮುಂದೆ ಕೂತು ಏನೋ ಬರೆಯುತ್ತಿದ್ದ. ತುಟಿ ಆಡುತ್ತಿದ್ದವು. ರಾತ್ರಿಯಿಡೀ ಯೋಚಿಸಿದ್ದೆನೋ, ಇಲ್ಲ ಆ ಗಳಿಗೆಗೆ ಹೊಳೆಯಿತೋ, ನಾನು ಹೋಗಿ ಅವನ ಗಂಟಲಿಗೆ ಅಂಗೈ ಇಟ್ಟೆ. ಮಾಸ್ತರರು ಇಡುತ್ತಿದ್ದಂತೆಯೇ.

"ಈಗ ಹಾಡು. ಅದುರಲಿಲ್ಲಂದ್ರ ಬೆನ್ನಿಗಿ ಗುದ್ದತೀನಿ" ಎಂದೆ.

ಅವನು ನಕ್ಕ. ನಕ್ಕಾಗ ಗಂಟಲು ಅದುರಿತು. "ನಗೂದಲ್ಲ, ಹಾಡು" ಎಂದೆ. ತುಟಿ ಆಡಿಸಿದ. ಅಂಗೈಗೆ ಏನೂ ಬರಲಿಲ್ಲ. ಗುದ್ದಿದೆ. ಮತ್ತೆ ಆಡಿಸಿದ. ಮತ್ತೆ ಗುದ್ದಿದೆ. ಮೆತ್ತಗೇನೂ ಗುದ್ದಲಿಲ್ಲ. ಹದಿನೆಂಟು ವರ್ಷದ ರೂಢಿಯನ್ನು ಮೆತ್ತಗೆ ಗುದ್ದಿದರೆ ಅದು ಜಗ್ಗುವುದಿಲ್ಲ. ಐದನೆಯದೋ ಆರನೆಯದೋ ಗುದ್ದಿಗೆ "ಏ ನೋಯ್ತದ!" ಎಂದು ಕೂಗಿದ. ಆ ಕೂಗಿನ ಬಾಲ ಹಿಡಿದು ಹಾಡಿನ ಮೊದಲ ಸಾಲು ಹೊರಗೆ ಬಂತು. ಅಂಗೈಯೊಳಗೆ ಹಿಡಿದ ಗುಬ್ಬಿಯಂತೆ ಗಂಟಲು ಅದುರಿತು.

ಕೆಳಗಿನ ಮಹಡಿಯ ಯಾರೋ ಕೋಲಿನಿಂದ ಮಾಳಿಗೆಗೆ ಬಡಿದರು. ನಾವು ನಿಲ್ಲಿಸಲಿಲ್ಲ. ಚಹಾ ಉಕ್ಕಿ ಒಲೆ ಆರಿತು.

ಅಂದು ಅವನು ಬರೆಯುತ್ತಿದ್ದ ಹೊಸ ಚರಣ ಇದು.

ಮಂದಿ ಹಾಡಿಗಿ ತುಟಿ ಕುಣಿಸೀನಿ, ಮಂದಿ ದುಃಖಕ್ಕ ಅತ್ತೀನಿ,
ನನ್ನ ಹಾಡು ಗಂಟಲದಾಗಿತ್ತು, ಇವತ್ತ ಮ್ಯಾಲ ಎತ್ತೀನಿ.

ಕಾರ್ಖಾನೆಗೆ ಹೋಗಿ ನಾದಿಯಾಳ ಎದುರು ಹಾಡಿಸಿದೆ. ನನ್ನ ಕೈ ಗಂಟಲ ಮೇಲಿದ್ದಾಗ ಧ್ವನಿ ಬಂತು, ಕೈ ತೆಗೆದರೆ ನಿಂತಿತು. ಇಟ್ಟರೆ ಬಂತು, ತೆಗೆದರೆ ನಿಂತಿತು. ಲುಕ್ ತನ್ನ ಪೆಟ್ಟಿಗೆಯ ಹಿಂದಿನಿಂದ ನೋಡಿ, ಇವಳೇ ಸ್ವಿಚ್ಚು ಎಂದ. ನಾದಿಯಾ ಕುಣಿತದವಳಲ್ಲವೇ, ಕೈ ತೆಗೆಯಬೇಡ, ಅದನ್ನೇ ಕುಣಿತ ಮಾಡು ಎಂದಳು. ಹಾಗೇ ಮಾಡಿದೆವು. ಮೊದಲ ಚರಣಕ್ಕೆ ನಾನು ಅವನ ಗಂಟಲ ಮೇಲೆ ಕೈ ಇಟ್ಟುಕೊಂಡೇ ಸುತ್ತ ಸುತ್ತುವುದು. ಆದರೆ ಆ ಹೊಸ ಎರಡನೆಯ ಚರಣಕ್ಕೆ ನಾನು ಬಿಟ್ಟು ಹೋಗಲೇಬೇಕಿತ್ತು. ಇಡೀ ಸ್ಟೇಜು ತುಂಬುವ ಕುಣಿತ ಅದು, ಒಂದು ಕೈ ಅವನಿಗೆ ಕೊಟ್ಟು ಕುಣಿಯಲು ಬರುವುದಿಲ್ಲ. ಎರಡು ದಿನ ತಾಲೀಮು ಮಾಡಿದೆವು. ನಾನು ಕೈ ಬಿಟ್ಟ ಮೇಲೆ ಒಮ್ಮೆಯೂ ಧ್ವನಿ ಉಳಿಯಲಿಲ್ಲ.

ನಾದಿಯಾ ಗುರುವಾರ ಸಂಜೆ ಮತ್ತೆ ಕೇಳಿದಳು, ಎರಡನೆಯ ಚರಣ ಬಿಟ್ಟುಬಿಡೋಣವೇ? ಇಂಗ್ಲಿಷ್ ಬಾರದ ನನ್ನ ಗಂಡ ಅದನ್ನು ಹೇಗೆ ತಿಳಿದುಕೊಂಡನೋ, ನಾನು ಬಾಯಿ ತೆರೆಯುವ ಮೊದಲೇ "ನೋ" ಎಂದ.

ಶುಕ್ರವಾರ

ಸಭಾಂಗಣ ತುಂಬಿತ್ತು. ಎರಡನೆಯ ಮಹಡಿಯ ಅಜ್ಜಿಯೂ ಬಂದು ಮುಂದಿನ ಸಾಲಿನಲ್ಲಿ ಕೂತಿದ್ದಳು. ಅಲ್ಲಿಯ ಜನ ನಾಟಕ, ಕುಣಿತ ನೋಡುವಾಗ ಉಸಿರೂ ಆಡದಂತೆ ಕೂರುತ್ತಾರೆ. ನಮ್ಮ ಕಡೆ ಹಾಗೆ ಕೂತರೆ ಪ್ರೋಗ್ರಾಮು ಕೆಟ್ಟಿತು ಎಂದೇ ಲೆಕ್ಕ. ಸಿಳ್ಳೆ ಇಲ್ಲ, ವನ್ಸ್ ಮೋರ್ ಇಲ್ಲ.

ಮೊದಲ ಚರಣ ಹೋಯಿತು. ಅಂಗೈಯಡಿ ಅವನ ಗಂಟಲು ಅದುರಿತು, ಮೊಣಕಾಲು ಕೇಳಿತು, ಎದೆ ಹೇಳಿತು. ನಂತರ ಬೀಟ್ ತಿರುಗಿತು. ನಾನು ಕೈ ಬಿಟ್ಟು, ಬೆನ್ನು ಹಾಕಿ, ಸ್ಟೇಜಿನ ಆ ತುದಿಗೆ ಹೋಗಬೇಕಿತ್ತು. ಬಿಟ್ಟೆ. ಹೋದೆ.

ಹಿಂದಿನಿಂದ ಏನೂ ಬರಲಿಲ್ಲ.

ಒಂದು ಸಾಲು ಹೋಯಿತು. ಬರೀ ಬೀಟ್. ತಿರುಗಿ ನೋಡುವಂತಿರಲಿಲ್ಲ, ತಿರುಗುವ ಎಣಿಕೆ ಇನ್ನೂ ದೂರವಿತ್ತು. ಓಡಿ ಹೋಗಿ ಕೈ ಇಡು ಎಂದು ಮನಸ್ಸು ಹೇಳುತ್ತಿತ್ತು. ನಾನು ಹೋಗಲಿಲ್ಲ. ಯಾಕೆ ಎಂದು ಕೇಳಿದರೆ, ಹೋಗಿದ್ದರೆ ಅವನು ಬದುಕಿಡೀ ನನ್ನ ಕೈಗೆ ಕಾಯುತ್ತಿದ್ದ. ಒಬ್ಬಳೇ ಕುಣಿದೆ. ಬರುವುದಿಲ್ಲ ಎಂದಿದ್ದೆನಲ್ಲ, ಬಂತು. ಅಳುತ್ತಲೇ ಬಂತು.

ಎರಡನೆಯ ಸಾಲಿನ ನಡುವೆ ಅವನ ಧ್ವನಿ ಕೇಳಿತು. ಒಡಕು ಧ್ವನಿ. "...ಗಂಟಲದಾಗಿತ್ತು" ಎಂದು ಅರ್ಧದಿಂದ ಹಿಡಿದ. ನಾನು ತಿರುಗುವ ಹೊತ್ತಿಗೆ ಅವನು ಕಣ್ಣು ಮುಚ್ಚಿ ನಿಂತಿದ್ದ. ಒಂದು ಕೈಯಲ್ಲಿ ಮೈಕು, ಇನ್ನೊಂದು ಕೈ ತನ್ನದೇ ಗಂಟಲ ಮೇಲೆ. ತಪ್ಪಿಹೋದ ಸಾಲನ್ನು ಮತ್ತೆ ಮೊದಲಿನಿಂದ ಹಾಡಿದ. ಇನ್ನೊಮ್ಮೆ ಹಾಡಿದ. ಹಾಡು ಮುಗಿದು ಬೀಟ್ ನಿಂತ ಮೇಲೂ ಎರಡು ಸಾಲು ಹಾಗೇ ಹಾಡಿದ. ಕೂಗಿದ ಎಂದರೂ ಆದೀತು. ಹದಿನೆಂಟು ವರ್ಷದ್ದು ಒಂದೇ ದಿನ ಬರಬೇಕೆಂದರೆ ಹಾಗೇ ಅಲ್ಲವೇ.

ಚಪ್ಪಾಳೆ ಎಲ್ಲರಿಗೂ ಬಿ‌ದ್ದಂತೆ ನಮಗೂ ಬಿತ್ತು. ಅಜ್ಜಿ ಮಾತ್ರ ಎದ್ದು ನಿಂತಿದ್ದಳು. ಲುಕ್ ಪೆಟ್ಟಿಗೆಯ ಹಿಂದಿನಿಂದ ಹೆಬ್ಬೆರಳು ಎತ್ತಿ ತೋರಿಸಿದ. ಭೀಮರಾಯ ಇಳಿದು ಬಂದು ನನ್ನ ಹೆಗಲಿಗೆ ಹಣೆ ಹಚ್ಚಿ ನಿಂತ. ಏನೋ ಹೇಳಿದ, ಕೇಳಿಸಲಿಲ್ಲ. ಅವನ ಧ್ವನಿ ಪೂರ್ತಿ ಬಿದ್ದುಹೋಗಿತ್ತು.

ಶನಿವಾರ, ಬೆಳಗ್ಗೆ

ಬೆಳಗ್ಗೆಯೂ ಧ್ವನಿ ಏಳಲಿಲ್ಲ. ಬಿಸಿನೀರು, ಉಪ್ಪು, ಅಜ್ಜಿ ಕೊಟ್ಟ ಜೇನುತುಪ್ಪ, ಯಾವುದಕ್ಕೂ ಜಗ್ಗಲಿಲ್ಲ. ಬಟ್ಟೆ ಮಡಚುತ್ತಿದ್ದಾಗ ನನ್ನ ಫೋನಿಗೆ ಭಾವನವರ ಕರೆ ಬಂತು. ಊರಲ್ಲಿ ಮಧ್ಯಾಹ್ನ, ಅಂಗಡಿಯ ಗದ್ದಲ ಕೇಳುತ್ತಿತ್ತು. ಭೀಮರಾಯ ಗಂಟಲು ಮುಟ್ಟಿ ತೋರಿಸಿ ಫೋನನ್ನು ನನ್ನ ಕೈಗೆ ಕೊಟ್ಟ. ನಾನು ಅದನ್ನು ಸ್ಪೀಕರಿಗೆ ಹಾಕಿದೆ.

"ನಮ್ಮ ತಮ್ಮ ಎಲ್ಲ್ಯಾನವ್ವಾ? ಫೋನ್ ಯಾಕ ಎತ್ತವಲ್ಲ?"

"ಬಾಜೂಕೇ ಅದಾರ್ರಿ ಭಾವಾರ. ಮಾತಾಡಾಕ ಬರವಲ್ದರಿ ಅವರಿಗಿ. ನಿನ್ನಿ ಹಾಡ್ಯಾರ, ಧ್ವನಿ ಬಿದ್ದದ."

"ಹಾಡ್ಯಾನ? ಮಂದಿ ಮುಂದ?"

"ಹೌದ್ರಿ. ಮಂದಿ ಮುಂದನೇ."

ಆ ಕಡೆ ಯಾರೋ ಚೀಲ ಎಣಿಸುವುದು ಕೇಳಿತು. ಆಮೇಲೆ ಭಾವನವರು, "ಹಂಗಾರ ಅಂಗಡಿಗಿ?" ಎಂದರು.

ನಾನು ಭೀಮರಾಯನ ಮುಖ ನೋಡಿದೆ. ಅವನು ತಲೆ ಅಡ್ಡ ಆಡಿಸಿದ. ಕಣ್ಣು ತುಂಬಿದ್ದವು.

"ಬರಂಗಿಲ್ಲ ಅಂತಾರ್ರಿ" ಎಂದೆ. ಆ ಮಾತು ಹೇಳಲು ನನಗೆ ಬಹಳ ಕಷ್ಟವಾಯಿತು. ಎರಡು ವರ್ಷದಿಂದ ಕಾದ ಮನುಷ್ಯ ಅವರು.

"ಹಾಡಿದ್ದು ಅದ ಏನು ನಿಮ್ಮ ಕಡಿ?"

ಲುಕ್ ಮೈಕಿಗೆ ಬಿದ್ದಷ್ಟನ್ನೇ ಭೀಮರಾಯನ ಮೊಬೈಲಿಗೆ ಹಾಕಿಕೊಟ್ಟಿದ್ದ. ಬೀಟ್ ಇಲ್ಲ, ಚಪ್ಪಾಳೆ ಇಲ್ಲ, ಬರೀ ಧ್ವನಿ. ಅವನ ಮೊಬೈಲಿನಲ್ಲಿ ಅದನ್ನು ಹಚ್ಚಿ ನನ್ನ ಫೋನಿನ ಹತ್ತಿರ ಹಿಡಿದೆ. ಮೊದಲ ಚರಣ ಹೋಯಿತು. ಧ್ವನಿ ಇಲ್ಲದ ಆ ಒಂದು ಸಾಲೂ ಹೋಯಿತು. ಆಮೇಲೆ ಒಡಕು ಧ್ವನಿ ಬಂತು.

ಅಷ್ಟರಲ್ಲಿ ಅಂಗಡಿಯಲ್ಲಿ ಯಾರೋ ಗಿರಾಕಿ ಬಂದಿರಬೇಕು. "ಯಜಮಾನ್ರ, ಯೂರಿಯಾ ಬಂದದೇನ್ರಿ?" ಎಂದು ಜೋರಾಗಿ ಕೇಳಿದ.

"ಏ ತಡಿಯಪ್ಪಾ, ಒಂದೀಟು ಸುಮ್ಕ ನಿಂದ್ರು" ಎಂದು ಭಾವನವರು ಅವನನ್ನು ಗದರಿದರು. "ನಮ್ಮ ತಮ್ಮ ಹಾಡಾಕತ್ತಾನ."

ಭೀಮರಾಯ ಮಡಚಿದ ಬಟ್ಟೆಗಳ ಪಕ್ಕ ಹಾಸಿಗೆಯ ಮೇಲೆ ಕೂತುಬಿಟ್ಟ. ನಾನು ಮೊಬೈಲನ್ನು ಫೋನಿಗೆ ಇನ್ನಷ್ಟು ಹತ್ತಿರ ಹಿಡಿದೆ.